ಮೂರೇ ಸೀಟಿನ ಗ್ರೀನ್ ಪಾರ್ಟಿ ಮೂರು ವರ್ಷ ಸರ್ಕಾರ ಎತ್ತಿ ಹಿಡಿದ ಕಥೆ: ಬ್ರಿಟಿಷ್ ಕೊಲಂಬಿಯಾ, 2017ರಿಂದ 2020

ಬಾಹ್ಯ ಬೆಂಬಲ ಅಂದ ತಕ್ಷಣ ನಮ್ ತಲೆಗೆ ಬರೋದು ರೆಸಾರ್ಟು, ವೋಲ್ವೋ ಬಸ್ಸು, ಯಾರಿಗೆ ಯಾವ ಖಾತೆ ಅನ್ನೋ ಲೆಕ್ಕ. ಅದ್ಯಾವ್ದೂ ಇಲ್ದೇ, ಒಂದೇ ಒಂದು ಮಂತ್ರಿಗಿರೀನೂ ತಗೊಳ್ದೇ, ಬರೀ ಒಂದು ಕಾಗದದ ಮೇಲೆ ಸಹಿ ಹಾಕಿ ಸಣ್ಣ ಪಾರ್ಟಿಯೊಂದು ದೊಡ್ಡ ಪಾರ್ಟಿಯ ಸರ್ಕಾರನ ಹಿಡ್ಕೊಂಡು ನಿಂತ್ರೆ ಕೊನೆಗೆ ಅದರ ಕೈಗೆ ಏನು ಉಳಿಯುತ್ತೆ? ಇದನ್ನ ನೋಡೋಕೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ 2017ರ ಕೇಸ್ ತುಂಬಾ ಚೆನ್ನಾಗಿದೆ. ಯಾಕಂದ್ರೆ ಇಲ್ಲಿ ಎಲ್ಲಾ ಬರವಣಿಗೆಯಲ್ಲಿದೆ, ಯಾರು ಏನು ಕೇಳಿದ್ರು, ಏನು ಒಪ್ಕೊಂಡ್ರು, ಏನು ಸಿಕ್ತು, ಎಲ್ಲಾ ಪಬ್ಲಿಕ್.

ಮೊದ್ಲು ಜಾಗ ಗೊತ್ತಾಗ್ಲಿ. ಕೆನಡಾದ ಪಶ್ಚಿಮ ತುದಿ, ಪೆಸಿಫಿಕ್ ಸಾಗರದ ದಂಡೆ. ವಿಸ್ತೀರ್ಣ ಕರ್ನಾಟಕದ ಐದರಷ್ಟು ಹತ್ರ ಹತ್ರ, ಜನ ಮಾತ್ರ 2017ರಲ್ಲಿ ಸುಮಾರು 50 ಲಕ್ಷ. ದೊಡ್ಡ ಊರು ವ್ಯಾಂಕೂವರ್ ಆದ್ರೂ ರಾಜಧಾನಿ ಇರೋದು ಎದುರಿನ ವ್ಯಾಂಕೂವರ್ ದ್ವೀಪದ ವಿಕ್ಟೋರಿಯಾದಲ್ಲಿ. ಕಾಡು, ನದಿ, ಸಾಲ್ಮನ್ ಮೀನು, ಗ್ಯಾಸು, ಮರ, ಇದರ ಮೇಲೇನೇ ಅಲ್ಲಿನ ದುಡ್ಡು ನಡೆಯೋದು, ಹಾಗಾಗಿ ಅಲ್ಲಿನ ರಾಜಕೀಯ ಜಗಳ ಎಲ್ಲಾ ಸುತ್ತಿ ಸುತ್ತಿ ಕೊನೆಗೆ ಯಾವ ನದಿಗೆ ಡ್ಯಾಮ್ ಕಟ್ಬೇಕು, ಯಾವ ಪೈಪ್‌ಲೈನ್ ಎಲ್ಲಿಗೆ ಹೋಗ್ಬೇಕು ಅನ್ನೋದಕ್ಕೇ ಬಂದು ನಿಲ್ಲುತ್ತೆ.

2017ರ ಮೇ 9ಕ್ಕೆ ಎಲೆಕ್ಷನ್. ಒಟ್ಟು 87 ಸೀಟು, ಬಹುಮತಕ್ಕೆ 44 ಬೇಕು. 16 ವರ್ಷದಿಂದ ಅಧಿಕಾರದಲ್ಲಿದ್ದ ಬಿಸಿ ಲಿಬರಲ್ ಪಾರ್ಟಿಗೆ 43, ಎನ್‌ಡಿಪಿಗೆ 41, ಗ್ರೀನ್ಸ್‌ಗೆ 3. (ಹೆಸರು ನೋಡಿ ಮೋಸ ಹೋಗ್ಬೇಡಿ, ಬಿಸಿ ಅಂದ್ರೆ ಬ್ರಿಟಿಷ್ ಕೊಲಂಬಿಯಾ, ಬಿಸಿ ಲಿಬರಲ್ ಅಂದ್ರೆ ಆಗಿನ ಪ್ರಧಾನಿ ಟ್ರೂಡೋ ಪಾರ್ಟಿ ಅಲ್ಲ, ಅಲ್ಲಿ ಅದು ಬಲಪಂಥದ ಕಡೆಯ ಪಾರ್ಟಿ ಆಗಿತ್ತು. ಎನ್‌ಡಿಪಿ ಅಂದ್ರೆ ನ್ಯೂ ಡೆಮಾಕ್ರಟಿಕ್ ಪಾರ್ಟಿ, ಕಾರ್ಮಿಕ ಸಂಘಗಳ ಜೊತೆ ನಂಟಿರೋ ಎಡದ ಪಾರ್ಟಿ.) ಓಟಿನ ಲೆಕ್ಕ ಇನ್ನೂ ಮಜಾ ಇದೆ, ಲಿಬರಲ್‌ಗೆ ಶೇ 40.36, ಎನ್‌ಡಿಪಿಗೆ ಶೇ 40.28. ಗ್ರೀನ್ಸ್‌ಗೆ ಶೇ 16.84 ಬಿದ್ದಿತ್ತು, ಅಂದ್ರೆ ಆರು ಜನದಲ್ಲಿ ಒಬ್ರು ಅವರಿಗೆ ಓಟ್ ಹಾಕಿದ್ರು, ಸಿಕ್ಕಿದ್ದು ಮಾತ್ರ 87ರಲ್ಲಿ ಮೂರು, ಮೂರೂ ವ್ಯಾಂಕೂವರ್ ದ್ವೀಪದ ಕಡೆಯವೇ. ಈ ಲೆಕ್ಕ ನೆನಪಿಟ್ಕೊಳ್ಳಿ, ಮುಂದಿನ ಮೂರು ವರ್ಷ ಗ್ರೀನ್ಸ್ ಯಾಕೆ ಹಾಗಾಡಿದ್ರು ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಕೋರ್ಟ್ನಿ-ಕಾಮಾಕ್ಸ್ ಅಂತ ಒಂದು ಕ್ಷೇತ್ರ. ಅಲ್ಲಿ ಎಲೆಕ್ಷನ್ ರಾತ್ರಿ ಎನ್‌ಡಿಪಿ ಲೀಡ್ ಇದ್ದಿದ್ದು ಬರೀ 9 ಓಟು. ಗೈರುಹಾಜರಿ ಮತಗಳನ್ನೆಲ್ಲ ಎಣಿಸಿ ಮುಗಿಸೋಕೆ ಎರಡು ವಾರ ಬೇಕಾಯ್ತು, ಕೊನೆಗೆ 189 ಓಟಲ್ಲಿ ಎನ್‌ಡಿಪಿ ಗೆಲ್ತು. ಆ 189 ಜನ ಆವತ್ತು ಬೇರೆ ಕಡೆ ಒತ್ತಿದ್ರೆ ಲಿಬರಲ್‌ಗೆ 44 ಆಗಿ ಈ ಬರಹಾನೇ ಇರ್ತಿರ್ಲಿಲ್ಲ.

ಇಬ್ರು ಮುಖಂಡರು, ಒಂದು ರಗ್ಬಿ ಮ್ಯಾಚ್

ಗ್ರೀನ್ ಲೀಡರ್ ಆಂಡ್ರೂ ವೀವರ್ ಮೂಲತಃ ರಾಜಕಾರಣಿ ಅಲ್ಲ, ವಿಕ್ಟೋರಿಯಾ ಯೂನಿವರ್ಸಿಟಿಯಲ್ಲಿ ಹವಾಮಾನ ವಿಜ್ಞಾನಿ, ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವರದಿಗಳನ್ನ ಬರೆದವರಲ್ಲಿ ಒಬ್ರು. 2013ರಲ್ಲಿ ಗೆದ್ದು ಆ ಪ್ರಾಂತ್ಯದ ಮೊದಲ ಗ್ರೀನ್ ಎಂಎಲ್‌ಎ ಆದೋರು. ಜೊತೆಗೆ 2017ರಲ್ಲಿ ಗೆದ್ದ ಇನ್ನಿಬ್ರು, ಸೋನಿಯಾ ಫರ್ಸ್ಟೆನೌ ಮತ್ತೆ ಆಡಮ್ ಓಲ್ಸನ್. ಎನ್‌ಡಿಪಿಯ ಜಾನ್ ಹೋರ್ಗನ್ ನೇರ ಮಾತಿನ ಮನುಷ್ಯ, ಸ್ವಲ್ಪ ಸಿಡುಕ, ಪ್ರಚಾರದ ಟೈಮಲ್ಲಿ ಇಬ್ರಿಗೂ ಅಷ್ಟಕ್ಕಷ್ಟೇ, ಗ್ರೀನ್ಸ್ ನಿಂತಿರೋದೇ ನಮ್ ಓಟ್ ಒಡೆಯೋಕೆ ಅಂತ ಎನ್‌ಡಿಪಿಯೋರ ಸಿಟ್ಟು.

ಹಾಗಾಗಿ ಗ್ರೀನ್ಸ್ ಯಾರ ಕಡೆ ಹೋಗ್ತಾರೆ ಅನ್ನೋದು ಕೊನೇತನಕ ಪಕ್ಕಾ ಇರ್ಲಿಲ್ಲ. ಇಬ್ರ ಜೊತೇನೂ ಮಾತುಕತೆ ನಡೀತು. ಮೇ ಕೊನೆಯ ವೀಕೆಂಡಲ್ಲಿ ವಿಕ್ಟೋರಿಯಾ ಪಕ್ಕದ ಲ್ಯಾಂಗ್‌ಫರ್ಡ್‌ನಲ್ಲಿ ಮಹಿಳೆಯರ ರಗ್ಬಿ ಟೂರ್ನಮೆಂಟು, ಅಲ್ಲಿ ಹೋರ್ಗನ್ ವೀವರ್ ಇಬ್ರೂ ಒಟ್ಟಿಗೆ ಕಾಣಿಸ್ಕೊಂಡ್ರು, ನೋಡ್ದೋರಿಗೆ ಗೊತ್ತಾಗೋಯ್ತು ಗಾಳಿ ಎತ್ತ ಕಡೆ ಅಂತ. ಮೇ 29ಕ್ಕೆ ಒಪ್ಪಂದ ಘೋಷಣೆ.

ಆ ಒಪ್ಪಂದದ ಜಾತಿ ಯಾವ್ದು ಅಂತ ಸ್ವಲ್ಪ ನೋಡೋಣ. ಇದು ಸಮ್ಮಿಶ್ರ ಸರ್ಕಾರ ಅಲ್ಲ. ಗ್ರೀನ್ಸ್‌ಗೆ ಕ್ಯಾಬಿನೆಟ್‌ನಲ್ಲಿ ಕುರ್ಚಿ ಇಲ್ಲ. ವಿಶ್ವಾಸಮತ ಮತ್ತು ಬಜೆಟ್, ಈ ಎರಡು ವಿಷಯದಲ್ಲಿ ಮೂರೂ ಜನ ಸರ್ಕಾರದ ಪರ ಓಟ್ ಹಾಕ್ಬೇಕು, ಮಿಕ್ಕ ಎಲ್ಲಾ ಮಸೂದೆಗೂ ಅವರಿಗೆ ಇಷ್ಟ ಬಂದ ಹಾಗೆ. ಬದಲಿಗೆ ಎನ್‌ಡಿಪಿ ಕೊಟ್ಟಿದ್ದು ಎರಡು: ಒಂದು, ಇಂಥಿಂಥ ಕೆಲಸ ಮಾಡ್ತೀವಿ ಅನ್ನೋ ಪಟ್ಟಿ. ಇನ್ನೊಂದು, ಮಸೂದೆ ಬಜೆಟ್ಟು ಎಲ್ಲ ಮುಂಚೇನೇ ತೋರ್ಸಿ ಚರ್ಚೆ ಮಾಡ್ತೀವಿ, ಯಾರೂ ಯಾರಿಗೂ ದಿಢೀರ್ ಶಾಕ್ ಕೊಡಂಗಿಲ್ಲ ಅನ್ನೋ ಮಾತು. ಇದಕ್ಕೆ ಪ್ರೀಮಿಯರ್ ಆಫೀಸಲ್ಲೇ (ಪ್ರೀಮಿಯರ್ ಅಂದ್ರೆ ನಮ್ ಸಿಎಂ ಇದ್ದಂಗೆ) ಒಂದು ಪುಟ್ಟ ಸೆಕ್ರೆಟರಿಯೇಟ್ ಕೂಡ ಮಾಡಿದ್ರು. ಮತ್ತೆ ಒಂದು ಸಾಲಿತ್ತು, ಸದನದಲ್ಲಿ ಸೋತ್ರೆ ಬಿಟ್ಟು ಒಪ್ಪಂದದ ಅವಧಿಯೊಳಗೆ ಪ್ರೀಮಿಯರ್ ತಾನಾಗೇ ಸದನ ವಿಸರ್ಜನೆ ಕೇಳಲ್ಲ ಅಂತ. ಆ ಸಾಲಿಗೆ ಆಮೇಲೆ ಬರೋಣ.

ಆದ್ರೆ ಲಿಬರಲ್ ಪ್ರೀಮಿಯರ್ ಕ್ರಿಸ್ಟಿ ಕ್ಲಾರ್ಕ್ ಸುಮ್ನೆ ಕುರ್ಚಿ ಬಿಟ್ಟು ಎದ್ದು ಹೋಗ್ಲಿಲ್ಲ. ಸದನ ಕರೆದು, ಜೂನ್ 22ರ ಸರ್ಕಾರದ ಭಾಷಣದಲ್ಲಿ ಎದುರು ಪಾರ್ಟಿಗಳ ಪ್ರಣಾಳಿಕೆಯಿಂದ ಸಾಲು ಸಾಲು ಭರವಸೆ ಎತ್ಕೊಂಡು ಓದಿಸಿದ್ರು. ಅಷ್ಟೇ ಅಲ್ಲ, ಗ್ರೀನ್ಸ್‌ಗೆ ಅಧಿಕೃತ ಪಕ್ಷದ ಸ್ಥಾನ ಕೊಡೋ ಮಸೂದೆ, ಪಾರ್ಟಿ ಫಂಡಿಗೆ ಕಡಿವಾಣ ಹಾಕೋ ಮಸೂದೆ ಎರಡನ್ನೂ ತಾವೇ ತಂದ್ರು. ಗ್ರೀನ್ಸ್ ಏನ್ ಮಾಡಿದ್ರು? ತಮಗೆ ಸ್ಥಾನ ಕೊಡೋ ಮಸೂದೆನ ತಾವೇ ಎನ್‌ಡಿಪಿ ಜೊತೆ ಸೇರಿ ಮೊದಲ ಓದಲ್ಲೇ ಬೀಳಿಸಿದ್ರು. ಕೆಲವ್ರಿಗೆ ಇದು ದಡ್ಡತನ ಅನ್ಸಿತ್ತು, ನನಗೆ ಅನ್ಸೋದು ಆವತ್ತು ಅವ್ರು ಮಾಡಿದ್ದು ಸರಿ ಅಂತ, ಕಾಗದಕ್ಕೆ ಸಹಿ ಹಾಕಿ ನಾಲ್ಕು ವಾರ ಆಗಿತ್ತು ಅಷ್ಟೇ, ಅಷ್ಟ್ರಲ್ಲೇ ಅಲುಗಾಡಿದ್ರೆ ಆ ಕಾಗದಕ್ಕೆ ಚುರುಮುರಿ ಕಟ್ಟೋ ಬೆಲೇನೂ ಇರ್ತಿರ್ಲಿಲ್ಲ.

ಜೂನ್ 29ಕ್ಕೆ ವಿಶ್ವಾಸಮತ, 44–42ರಲ್ಲಿ ಸರ್ಕಾರ ಬಿತ್ತು. ಕ್ಲಾರ್ಕ್ ಲೆಫ್ಟಿನೆಂಟ್ ಗವರ್ನರ್ ಜೂಡಿತ್ ಗಿಷೋನ್ ಹತ್ರ ಹೋಗಿ ಮರು ಎಲೆಕ್ಷನ್ ಮಾಡಿಸಿ ಅಂದ್ರು, ಅವ್ರು ಆಗಲ್ಲ ಅಂದು ಅದೇ ಸಂಜೆ ಹೋರ್ಗನ್‌ನ ಕರೆದ್ರು. 2018ರ ಮೇನಲ್ಲಿ ಬೆಂಗಳೂರಲ್ಲಿ ರಾಜಭವನದ ಮುಂದೆ ಟಿವಿ ವ್ಯಾನ್ ಸಾಲು ನಿಂತಿದ್ದು ನೋಡಿದೋರಿಗೆ ಈ ಸೀನ್ ಬಿಡಿಸಿ ಹೇಳ್ಬೇಕಾಗಿಲ್ಲ. ಜುಲೈ 18ಕ್ಕೆ ಹೋರ್ಗನ್ ಪ್ರಮಾಣವಚನ.

ಸ್ಪೀಕರ್ ಸಮಸ್ಯೆ ಮಾತ್ರ ಉಳೀತು. 44ರಲ್ಲಿ ಒಬ್ರನ್ನ ಸ್ಪೀಕರ್ ಮಾಡಿದ್ರೆ 43–43, ಪ್ರತಿ ಸಲ ಕಾಸ್ಟಿಂಗ್ ವೋಟ್ ಮೇಲೆ ಬದುಕ್ಬೇಕು. ಸೆಪ್ಟೆಂಬರಲ್ಲಿ ಲಿಬರಲ್ ಎಂಎಲ್‌ಎ ಡ್ಯಾರಿಲ್ ಪ್ಲೆಕಸ್ ತಾವೇ ಆ ಕುರ್ಚಿ ಒಪ್ಕೊಂಡ್ಬಿಟ್ರು, ಅವರ ಪಾರ್ಟಿ ಅವರನ್ನ ಆಚೆ ಹಾಕ್ತು. ಅಲ್ಲಿ ನಮ್ ಹತ್ತನೇ ಶೆಡ್ಯೂಲ್ ತರ ಪಕ್ಷಾಂತರ ನಿಷೇಧ ಕಾನೂನಿಲ್ಲ, ಪಾರ್ಟಿ ಆಚೆ ಹಾಕಿದ್ರೂ ಸೀಟು ಹೋಗಲ್ಲ. ಒಬ್ಬ ಮನುಷ್ಯ ಕುರ್ಚಿ ಬದಲಿಸಿದ್ದಕ್ಕೆ ಸರ್ಕಾರಕ್ಕೆ ಉಸಿರಾಡೋಕೆ ಜಾಗ ಸಿಕ್ತು.

ಕಾಗದದಲ್ಲಿ ಯಾವ ಕ್ರಿಯಾಪದ ಇತ್ತು

ನಮ್ ಸರ್ಕಾರಿ ಆಫೀಸಿಗೆ ಅರ್ಜಿ ಕೊಟ್ಟೋರಿಗೆ ಗೊತ್ತಿರುತ್ತೆ, "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂತ ಹಿಂಬರಹ ಬಂದ್ರೆ ಆ ಫೈಲು ಮುಗೀತು ಅಂತಾನೇ ಅರ್ಥ. ಬ್ರಿಟಿಷ್ ಕೊಲಂಬಿಯಾದ ಒಪ್ಪಂದಾನ ಇದೇ ಕಣ್ಣಲ್ಲಿ ಓದಿದ್ರೆ ಇಡೀ ಮೂರು ವರ್ಷ ಅರ್ಥ ಆಗುತ್ತೆ. ಎಲ್ಲಿ "ಮಾಡ್ತೀವಿ" ಅಂತ ಅಂಕಿ, ತಾರೀಕು ಸಮೇತ ಬರ್ಸ್ಕೊಂಡಿದ್ರೋ ಅದು ಆಯ್ತು. ಎಲ್ಲಿ "ಪರಿಶೀಲನೆಗೆ ಕಳಿಸ್ತೀವಿ", "ಜನರನ್ನ ಕೇಳ್ತೀವಿ" ಅಂತಿತ್ತೋ ಅಲ್ಲಿ ಕಳ್ಸಿದ್ರು, ಕೇಳಿದ್ರು, ಗ್ರೀನ್ಸ್ ಅಂದ್ಕೊಂಡಿದ್ದು ಮಾತ್ರ ಬರ್ಲಿಲ್ಲ.

ಆಗಿದ್ದನ್ನ ಬೇಗ ಹೇಳ್ತೀನಿ. ಅಲ್ಲಿವರೆಗೂ ಆ ಪ್ರಾಂತ್ಯದಲ್ಲಿ ಪಾರ್ಟಿ ಫಂಡಿಗೆ ಲಿಮಿಟ್ಟೇ ಇರ್ಲಿಲ್ಲ, ಕಂಪನಿ, ಯೂನಿಯನ್, ಹೊರದೇಶದೋರು ಯಾರು ಬೇಕಾದ್ರೂ ಎಷ್ಟ್ ಬೇಕಾದ್ರೂ ಕೊಡ್ಬಹುದಿತ್ತು. 2017ರಲ್ಲೇ ಕಾನೂನು ಬಂದು ಕಂಪನಿ, ಯೂನಿಯನ್ ದುಡ್ಡು ಬಂದ್, ವ್ಯಕ್ತಿಗಳಿಗೆ ವರ್ಷಕ್ಕೆ 1200 ಡಾಲರ್ ಮಿತಿ. ಜೊತೆಗೆ ಪ್ರತಿ ಓಟಿಗೆ ಇಷ್ಟು ಅಂತ ಸರ್ಕಾರದ ಖಜಾನೆಯಿಂದ ಪಾರ್ಟಿಗಳಿಗೆ ದುಡ್ಡು ಬೇರೆ, ಇದನ್ನ ಪ್ರಚಾರದಲ್ಲಿ ಯಾರೂ ಹೇಳಿರ್ಲಿಲ್ಲ, ಬೈಸ್ಕೊಂಡ್ರು ಕೂಡ. ಕಾರ್ಬನ್ ಟ್ಯಾಕ್ಸ್, ಅಂದ್ರೆ ಇಂಧನ ಸುಟ್ಟು ಬಿಡೋ ಇಂಗಾಲದ ಮೇಲಿನ ತೆರಿಗೆ, ಟನ್ನಿಗೆ 30 ಡಾಲರಲ್ಲಿ ವರ್ಷಗಟ್ಟಲೆ ನಿಂತಿತ್ತು, 2018ರ ಏಪ್ರಿಲ್ 1ರಿಂದ ವರ್ಷಕ್ಕೆ 5 ಡಾಲರ್ ಏರಿಸ್ಬೇಕು ಅಂತ ಕಾಗದದಲ್ಲಿತ್ತು, ಏರಿಸಿದ್ರು. (ಈ ಟ್ಯಾಕ್ಸ್ ಶುರು ಮಾಡಿದ್ದು 2008ರಲ್ಲಿ ಇದೇ ಲಿಬರಲ್ ಪಾರ್ಟಿ, ಆಗ ಎನ್‌ಡಿಪಿ ಅದರ ವಿರುದ್ಧ ಪ್ರಚಾರ ಮಾಡಿತ್ತು. ರಾಜಕೀಯದಲ್ಲಿ ಹತ್ತು ವರ್ಷ ಕಾದ್ರೆ ಎಲ್ಲಾ ಉಲ್ಟಾ ಕಾಣುತ್ತೆ.) ಎಲೆಕ್ಷನ್ ತಾರೀಕನ್ನ ಮೇ ತಿಂಗಳಿಂದ ಅಕ್ಟೋಬರ್‌ಗೆ ಬದಲಿಸಿ, ಮುಂದಿನ ಎಲೆಕ್ಷನ್ 2021ರ ಅಕ್ಟೋಬರ್ 16ಕ್ಕೆ ಅಂತ ಫಿಕ್ಸ್ ಮಾಡಿದ್ರು.

ಈಗ ಸೈಟ್ ಸಿ ಡ್ಯಾಮ್. ಈ ಕೇಸಲ್ಲಿ ಅತಿ ಹೆಚ್ಚು ನೋವಾಗಿದ್ದು ಇಲ್ಲೇ.

ಪ್ರಾಂತ್ಯದ ಉತ್ತರದಲ್ಲಿ ಪೀಸ್ ನದಿ ಅಂತಿದೆ, ಅದರ ಮೇಲೆ 1100 ಮೆಗಾವಾಟ್‌ನ ಮೂರನೇ ಡ್ಯಾಮು, ನೀರು ನಿಂತ್ರೆ 83 ಕಿಲೋಮೀಟರ್ ಉದ್ದ ಕಣಿವೆ ಮುಳುಗಡೆ, ಒಳ್ಳೆ ಕೃಷಿ ಭೂಮಿ, ಅಲ್ಲಿನ ಮೂಲನಿವಾಸಿಗಳ ಜಾಗ. ಮುಳುಗಡೆ ಅನ್ನೋ ಪದಕ್ಕೆ ಶರಾವತಿ ಕಡೆಯೋರಿಗೆ ಡಿಕ್ಷನರಿ ಬೇಡ. ಲಿಬರಲ್ ಸರ್ಕಾರ ಕೆಲಸ ಶುರು ಮಾಡಿ ದುಡ್ಡು ಸುರೀತಾ ಇತ್ತು. ಗ್ರೀನ್ಸ್ ಇದನ್ನ ನಿಲ್ಲಿಸ್ಬೇಕು ಅಂತ ಗಂಟಲು ಹರ್ಕೊಂಡೋರು. ಆದ್ರೆ ಎನ್‌ಡಿಪಿ ಒಳಗೇ ಎರಡು ಬಣ, ಕಟ್ಟಡ ಕಾರ್ಮಿಕರ ಯೂನಿಯನ್‌ಗಳಿಗೆ ಡ್ಯಾಮ್ ಬೇಕು, ಪರಿಸರದ ಕಡೆಯೋರಿಗೆ ಬೇಡ. ಹಾಗಾಗಿ ಒಪ್ಪಂದದಲ್ಲಿ ಬಿದ್ದ ಮಾತು ಏನಂದ್ರೆ, ಪ್ರಾಂತ್ಯದ ಯುಟಿಲಿಟೀಸ್ ಕಮಿಷನ್‌ಗೆ (ನಮ್ ಕೆಇಆರ್‌ಸಿ ತರದ ನಿಯಂತ್ರಣ ಸಂಸ್ಥೆ) ತಕ್ಷಣ ಪರಿಶೀಲನೆಗೆ ಕಳಿಸೋದು. ಅಷ್ಟೇ. ವರದಿ ಬಂದ್ಮೇಲೆ ಏನು ಅನ್ನೋದು ಕಾಗದದಲ್ಲಿ ಇಲ್ಲ.

ನವೆಂಬರ್ 1ಕ್ಕೆ ವರದಿ ಬಂತು. ಡಿಸೆಂಬರ್ 11ಕ್ಕೆ ಹೋರ್ಗನ್ ಎದ್ದು ನಿಂತು, ನಾವೇ ಆಗಿದ್ರೆ ಇದನ್ನ ಶುರು ಮಾಡ್ತಿರ್ಲಿಲ್ಲ, ಆದ್ರೆ ಈಗಾಗ್ಲೇ 210 ಕೋಟಿ ಡಾಲರ್ ಖರ್ಚಾಗಿದೆ, ನಿಲ್ಲಿಸಿ ಜಾಗ ಮೊದಲಿನಂಗೆ ಮಾಡೋಕೆ ಹೋದ್ರೆ ಒಟ್ಟು ಸುಮಾರು 400 ಕೋಟಿ ಹೊರೆ ಜನರ ಮೇಲೆ ಬೀಳುತ್ತೆ, ಹಾಗಾಗಿ ಮುಗಿಸ್ತೀವಿ, ಖರ್ಚು 1070 ಕೋಟಿ ಅನ್ನೋ ಅರ್ಥದಲ್ಲಿ ಹೇಳಿದ್ರು. ಎನ್‌ಡಿಪಿ ಕಾಗದ ಮುರೀಲಿಲ್ಲ, ಒಂದಕ್ಷರ ಕೂಡ. ವೀವರ್ ಕೆಂಡಾಮಂಡಲ. ಆದ್ರೆ ಸರ್ಕಾರ ಬೀಳಿಸ್ಲಿಲ್ಲ.

ಯಾಕೆ ಬೀಳಿಸ್ಲಿಲ್ಲ ಅಂತ ಆವತ್ತು ಅಲ್ಲಿನ ಪರಿಸರದೋರು ಎಷ್ಟು ಬೈದ್ರೋ ಲೆಕ್ಕ ಇಲ್ಲ. ಉತ್ತರ ಆ ಶೇ 16.84ರಲ್ಲಿದೆ. ಗ್ರೀನ್ಸ್‌ಗೆ ಜೀವ ಹೋಗಿ ಬರೋ ವಿಷಯ ಅಂದ್ರೆ ಚುನಾವಣಾ ಪದ್ಧತಿ. ಓಟಿನ ಪ್ರಮಾಣಕ್ಕೆ ತಕ್ಕ ಸೀಟು ಕೊಡೋ ಪದ್ಧತಿ ಬಂದ್ರೆ ಅವರು 3ರಿಂದ 14–15ಕ್ಕೆ ಹೋಗ್ತಾರೆ, ಶಾಶ್ವತವಾಗಿ ಆಟದಲ್ಲಿರ್ತಾರೆ. ಇದರ ಜನಮತಗಣನೆ 2018ರ ಕೊನೆಗೆ ಅಂತ ಒಪ್ಪಂದದಲ್ಲಿತ್ತು. 2017ರ ಡಿಸೆಂಬರಲ್ಲಿ ಸರ್ಕಾರ ಬೀಳಿಸಿದ್ರೆ ಆ ಜನಮತಗಣನೇನೂ ಅದರ ಜೊತೆ ಹೋಗುತ್ತೆ. ಹೋರ್ಗನ್‌ಗೂ ಇದು ಗೊತ್ತಿತ್ತು, ವೀವರ್‌ಗೂ ಗೊತ್ತಿತ್ತು, ವೀವರ್‌ಗೆ ಗೊತ್ತು ಅನ್ನೋದು ಹೋರ್ಗನ್‌ಗೆ ಗೊತ್ತಿತ್ತು. ಒಂದು ವರ್ಷ ಗ್ರೀನ್ಸ್ ಕೈ ಕಟ್ಟಿ ಹಾಕಿದ್ದು ಎನ್‌ಡಿಪಿ ಅಲ್ಲ, ಗ್ರೀನ್ಸ್‌ನ ಆಸೇನೇ.

ಆ ಆಸೆ ಏನಾಯ್ತು? ಒಪ್ಪಂದದ ಪ್ರಕಾರ ಎರಡೂ ಪಾರ್ಟಿ ಹೊಸ ಪದ್ಧತಿ ಪರ ಪ್ರಚಾರ ಮಾಡ್ಬೇಕಿತ್ತು. ಅಕ್ಟೋಬರ್ 22ರಿಂದ ಡಿಸೆಂಬರ್ 7ರವರೆಗೆ ಅಂಚೆಯಲ್ಲಿ ಓಟು. ಪ್ರಶ್ನೆ ಪತ್ರದಲ್ಲಿ ಎರಡು ಭಾಗ, ಮೊದಲು ಹಳೇದು ಬೇಕೋ ಹೊಸದು ಬೇಕೋ, ಆಮೇಲೆ ಹೊಸದರಲ್ಲಿ ಮೂರು ನಮೂನೆ, ಅದರಲ್ಲಿ ಯಾವ್ದು ಮೊದಲು ಯಾವ್ದು ಆಮೇಲೆ. ಪಕ್ಕದ ಮನೆಯೋರಿಗೆ ಎರಡು ನಿಮಿಷದಲ್ಲಿ ವಿವರಿಸೋಕೆ ಆಗ್ದೇ ಇರೋದನ್ನ ಜನರ ಮುಂದಿಟ್ರೆ ಜನ ಹಳೇದನ್ನೇ ಒತ್ತುತ್ತಾರೆ. ಡಿಸೆಂಬರ್ 20ಕ್ಕೆ ರಿಸಲ್ಟು: ಹಳೆ ಪದ್ಧತಿಗೆ ಶೇ 61.3, ಹೊಸದಕ್ಕೆ ಶೇ 38.7. ಓಟ್ ಹಾಕಿದ್ದೇ ಶೇ 42.6 ಜನ. ಇಲ್ಲೂ ಕಾಗದದ ಕ್ರಿಯಾಪದ ಏನು? "ಜನರನ್ನ ಕೇಳ್ತೀವಿ". ಕೇಳಿದ್ರು.

ಬೇಸಿಕ್ ಇನ್‌ಕಮ್ (ಸರ್ಕಾರಾನೇ ಜನರಿಗೆ ಒಂದು ಕನಿಷ್ಠ ಆದಾಯ ಕೊಡೋದು) ಅಂತ ಇನ್ನೊಂದಿತ್ತು, ಪ್ರಯೋಗ ಮಾಡಿ ನೋಡೋಣ ಅಂತ, ಅದಕ್ಕೆ ತಜ್ಞರ ಸಮಿತಿ ಮಾಡಿದ್ರು, ಸಮಿತಿ ವರದಿ ಬರೋ ಹೊತ್ತಿಗೆ ಒಪ್ಪಂದಾನೇ ಇರ್ಲಿಲ್ಲ, ವರದಿಯೂ ಬೇಡ ಅಂತಾನೇ ಬಂತು.

ಪೈಪ್‌ಲೈನು, ವೈನು, ಗ್ಯಾಸು

ಕಿಂಡರ್ ಮಾರ್ಗನ್ ಕಂಪನಿಯ ಟ್ರಾನ್ಸ್ ಮೌಂಟನ್ ಪೈಪ್‌ಲೈನ್ ವಿಸ್ತರಣೆ. ಪಕ್ಕದ ಆಲ್ಬರ್ಟಾದಿಂದ ಎಣ್ಣೆ ತಂದು ವ್ಯಾಂಕೂವರ್ ದಂಡೇಲಿ ಹಡಗಿಗೆ ತುಂಬೋದು. ಇದನ್ನ ತಡೆಯೋಕೆ ಸರ್ಕಾರದ ಕೈಲಿರೋ ಎಲ್ಲಾ ಅಸ್ತ್ರ ಬಳಸ್ತೀವಿ ಅಂತ ಒಪ್ಪಂದದಲ್ಲಿ ಗಟ್ಟಿಯಾಗೇ ಬರೆದಿತ್ತು. 2018ರ ಜನವರಿ ಕೊನೆಗೆ ಈ ಎಣ್ಣೆ ಸಾಗಣೆ ಮೇಲೆ ನಿರ್ಬಂಧದ ಪ್ರಸ್ತಾಪ ಬಂತು. ಆಲ್ಬರ್ಟಾ ಪ್ರೀಮಿಯರ್ ರೇಚಲ್ ನಾಟ್ಲಿ, ಅವರೂ ಎನ್‌ಡಿಪಿಯೋರೇ ನೋಡಿ, ಸಿಟ್ಟಾಗಿ ಬ್ರಿಟಿಷ್ ಕೊಲಂಬಿಯಾ ವೈನನ್ನೇ ಬ್ಯಾನ್ ಮಾಡಿದ್ರು, ಎರಡು ವಾರ ಆದ್ಮೇಲೆ ವಾಪಸ್ ತಗೊಂಡ್ರು. ಕೊನೆಗೆ ಕಂಪನಿ ಬೇಸತ್ತು ನಿಂತಾಗ 2018ರ ಮೇ 29ಕ್ಕೆ, ಗ್ರೀನ್ಸ್ ಒಪ್ಪಂದ ಘೋಷಣೆ ಆಗಿ ಸರಿಯಾಗಿ ಒಂದು ವರ್ಷಕ್ಕೆ, ಕೇಂದ್ರ ಸರ್ಕಾರ 450 ಕೋಟಿ ಡಾಲರ್ ಕೊಟ್ಟು ಆ ಪೈಪ್‌ಲೈನನ್ನ ತಾನೇ ಖರೀದಿ ಮಾಡ್ತೀನಿ ಅಂತ ಘೋಷಿಸ್ತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪ್ರಾಂತ್ಯಕ್ಕೆ ಈ ಅಧಿಕಾರ ಇಲ್ಲ ಅಂತ ಒಮ್ಮತದಿಂದ ಹೇಳ್ತು. ಇಲ್ಲಿ ಎನ್‌ಡಿಪಿ ಮೇಲೆ ತಪ್ಪು ಹೊರಿಸೋಕಾಗಲ್ಲ, ಮಾತಿನಂತೆ ಹೋರಾಡ್ತು, ವಿಷಯಾನೇ ಅದರ ವ್ಯಾಪ್ತಿಯಲ್ಲಿರ್ಲಿಲ್ಲ. ಸಣ್ಣ ಪಾರ್ಟಿ ಒಪ್ಪಂದ ಬರೆಯುವಾಗ ಈ ಪ್ರಶ್ನೇನೂ ಕೇಳ್ಕೋಬೇಕಾಗುತ್ತೆ, ಎದುರು ಕೂತಿರೋರ ಕೈಲಿ ಇದನ್ನ ಕೊಡೋ ಅಧಿಕಾರ ಇದ್ಯಾ ಅಂತ.

ಆಮೇಲೆ ದ್ರವೀಕೃತ ಗ್ಯಾಸು, ಎಲ್‌ಎನ್‌ಜಿ. ಇದು ಮಾತ್ರ ವಿಚಿತ್ರ. 2018ರ ಜನವರಿಯಲ್ಲಿ ವೀವರ್ ಟ್ವಿಟರಲ್ಲಿ ಬಹಿರಂಗವಾಗಿ ಎಚ್ಚರಿಕೆ ಕೊಟ್ರು, ಎಲ್‌ಎನ್‌ಜಿ ಹಿಂದೆ ಹೋದ್ರೆ ಈ ಸರ್ಕಾರ ಬೀಳುತ್ತೆ ಅಂತ. ಅಕ್ಟೋಬರ್‌ನಲ್ಲಿ ಕಿಟಿಮ್ಯಾಟ್ ಊರಲ್ಲಿ 4000 ಕೋಟಿ ಡಾಲರ್‌ನ ಎಲ್‌ಎನ್‌ಜಿ ಕೆನಡಾ ಯೋಜನೆಗೆ ಕಂಪನಿಗಳು ಹೂಂ ಅಂದ್ವು, ಹೋರ್ಗನ್ ನಗ್ತಾ ಸ್ವಾಗತ ಮಾಡಿದ್ರು. ಸರ್ಕಾರ ಬೀಳ್ಲಿಲ್ಲ. 2019ರಲ್ಲಿ ಈ ಉದ್ಯಮಕ್ಕೆ ಟ್ಯಾಕ್ಸ್ ಸಡಿಲಿಸೋ ಮಸೂದೆ ಬಂದಾಗ ಮೂರೂ ಗ್ರೀನ್ಸ್ ವಿರುದ್ಧ ಓಟ್ ಹಾಕಿದ್ರು, ಆದ್ರೆ ವಿರೋಧ ಪಕ್ಷದ ಲಿಬರಲ್ಸೇ ಸರ್ಕಾರದ ಜೊತೆ ನಿಂತು ಪಾಸ್ ಮಾಡಿಸಿದ್ರು. ಇದನ್ನ ಸ್ವಲ್ಪ ನಿಧಾನವಾಗಿ ನೋಡ್ಬೇಕು, ಯಾಕಂದ್ರೆ ಪರಿಸರದ ಪಾರ್ಟಿಗಳಿಗೆ ಎಲ್ಲಾ ಕಡೆ ಆಗೋದು ಇದೇ: ಅವರ ಮೂರು ಓಟು ಸರ್ಕಾರ ಉಳಿಸೋಕೆ ಬೇಕು, ಗ್ಯಾಸು, ಡ್ಯಾಮು, ಗಣಿ ವಿಷಯ ಬಂದ್ರೆ ಎರಡೂ ದೊಡ್ಡ ಪಾರ್ಟಿ ಒಂದೇ ಕಡೆ ಇರ್ತವೆ, ಆಗ ಆ ಮೂರು ಓಟಿಗೆ ಬೆಲೆ ಇಲ್ಲ. ವಿಶ್ವಾಸಮತ ಅನ್ನೋ ದೊಡ್ಡ ಸುತ್ತಿಗೆ ಒಂದು ಬಿಟ್ರೆ ಬೇರೆ ಸಲಕರಣೆ ಕೈಲಿಲ್ಲ. ಆ ಸುತ್ತಿಗೇನ ಬೀಸ್ತೀನಿ ಅಂತ ಟ್ವೀಟ್ ಮಾಡಿ ಬೀಸ್ದೇ ಇದ್ರೆ ಮುಂದಿನ ಸಲ ಯಾರೂ ತಲೆ ತಗ್ಗಿಸಲ್ಲ.

ಹಂಗಂತ ವೀವರ್ ಬರಿಗೈಯಲ್ಲಿ ವಾಪಸ್ ಬಂದ್ರು ಅನ್ನೋದು ತಪ್ಪಾಗುತ್ತೆ. ಎಲ್‌ಎನ್‌ಜಿ ನುಂಗಿಕೊಂಡಿದ್ದಕ್ಕೆ ಬದಲಾಗಿ ಒಂದು ಗಟ್ಟಿ ಹವಾಮಾನ ಯೋಜನೆ ಬೇಕು ಅಂತ ಕೂತ್ರು, ವಿಜ್ಞಾನಿ ಆಗಿದ್ರಿಂದ ಅಧಿಕಾರಿಗಳ ಜೊತೆ ಲೆಕ್ಕ ಹಾಕಿ ಜಗಳ ಆಡೋಷ್ಟು ವಿಷಯ ಗೊತ್ತಿತ್ತು. 2018ರ ಡಿಸೆಂಬರ್ 5ಕ್ಕೆ ಕ್ಲೀನ್‌ಬಿಸಿ ಅನ್ನೋ ಯೋಜನೆ ಬಂತು, ಹೋರ್ಗನ್ ವೀವರ್ ಇಬ್ರೂ ಒಟ್ಟಿಗೆ ನಿಂತು ಬಿಡುಗಡೆ ಮಾಡಿದ್ರು. 2030ರೊಳಗೆ ಇಂಗಾಲದ ಹೊರಸೂಸುವಿಕೆ 2007ರ ಮಟ್ಟಕ್ಕಿಂತ ಶೇ 40 ಕಮ್ಮಿ ಅನ್ನೋ ಗುರಿ. ಅದರಲ್ಲಿ ಶೇ 75ರಷ್ಟಕ್ಕೆ ಮಾತ್ರ ದಾರಿ ತೋರ್ಸಿದ್ರು, ಉಳಿದ ಕಾಲುಭಾಗ ಆಮೇಲೆ ಹೇಳ್ತೀವಿ ಅಂತ. ಅಲ್ಲೂ ಸ್ವಲ್ಪ ಪರಿಶೀಲಿಸಲಾಗುವುದು.

ಸಣ್ಣಪುಟ್ಟ ಗೆಲುವುಗಳೂ ಇದ್ವು, ಕೆಲವು ಗ್ರೀನ್ಸ್‌ನಿಂದ ನಾವು ನಿರೀಕ್ಷೆ ಮಾಡದೇ ಇರೋ ಅಂಥವು. ಖಾಲಿ ಮನೆಗಳ ಮೇಲಿನ ಸ್ಪೆಕ್ಯುಲೇಶನ್ ಟ್ಯಾಕ್ಸ್‌ನಲ್ಲಿ ಬೇರೆ ಪ್ರಾಂತ್ಯದ ಕೆನಡಿಯನ್ನರಿಗೆ ಶೇ 1 ಇದ್ದಿದ್ದನ್ನ ಶೇ 0.5ಕ್ಕೆ ಇಳಿಸಿದ್ರು. ಯೂನಿಯನ್ ಕಟ್ಟೋಕೆ ಗುಪ್ತ ಮತದಾನ ಬೇಡ ಅಂತ ಎನ್‌ಡಿಪಿ ಅಂದಾಗ, ಬೇಕು ಅಂತ ಗ್ರೀನ್ಸ್ ಹಠ ಹಿಡಿದು ಉಳಿಸಿದ್ರು, ಎನ್‌ಡಿಪಿಯ ಯೂನಿಯನ್ ಬಳಗಕ್ಕೆ ಇದು ಆಗ ಹುಳಿ ಆಗಿತ್ತು. ಓಲಾ-ಊಬರ್ ತರದ ಸೇವೆಗೆ ಅನುಮತಿ ಕೊಡಿ ಅಂತ ವೀವರ್ ವರ್ಷಗಟ್ಟಲೆ ತಲೆ ತಿಂದಿದ್ರು, 2020ರ ಜನವರಿಯಲ್ಲಿ ವ್ಯಾಂಕೂವರಲ್ಲಿ ಅದೂ ಶುರು ಆಯ್ತು. ಇಂಥ ಕಡೆ ಯಾಕೆ ಗೆದ್ರು ಅಂದ್ರೆ, ಇಲ್ಲಿ ಲಿಬರಲ್ಸ್ ಸರ್ಕಾರದ ಎದುರಿದ್ರು, ಹಾಗಾಗಿ ಮೂರು ಓಟಿಗೆ ನಿಜವಾದ ತೂಕ ಇತ್ತು. ಪರಿಸರದ ಪಾರ್ಟಿಗೆ ಪರಿಸರ ಬಿಟ್ಟು ಬೇರೆ ವಿಷಯದಲ್ಲೇ ಜಾಸ್ತಿ ಬಲ ಇತ್ತು ಅಂದ್ರೆ ನಗ್ಬೇಕೋ ಅಳ್ಬೇಕೋ ಗೊತ್ತಾಗಲ್ಲ.

2019ರ ಜನವರಿ 30ರ ನನೈಮೋ ಬೈ ಎಲೆಕ್ಷನ್ ಬಗ್ಗೆ ಒಂದು ಮಾತು. ಎನ್‌ಡಿಪಿ ಎಂಎಲ್‌ಎ ಒಬ್ರು ಮೇಯರ್ ಆಗೋಕೆ ಹೋಗಿ ಸೀಟು ಖಾಲಿ ಆಗಿತ್ತು. ಸೋತಿದ್ರೆ ಸದನ ಸಮಸಮ. ಅಲ್ಲಿ ಗ್ರೀನ್ಸ್ ಕ್ಯಾಂಡಿಡೇಟ್‌ನ ಓಟು ಕುಸಿದು ಎಲ್ಲೋ ಹೋಯ್ತು, ಯಾಕಂದ್ರೆ ಗ್ರೀನ್ ಓಟರ್‌ಗಳೇ ಸರ್ಕಾರ ಉಳೀಲಿ ಅಂತ ಎನ್‌ಡಿಪಿಗೆ ಒತ್ತಿದ್ರು. ದೊಡ್ಡಣ್ಣನ ಜೊತೆ ಚೆನ್ನಾಗಿದ್ರೆ ಓಟರ್‌ಗೆ ನಮ್ಮ ಪಾರ್ಟಿ ಬೇರೆ ಯಾಕೆ ಬೇಕು ಅನ್ಸುತ್ತೆ, ಜಗಳ ಆಡಿದ್ರೆ ಸರ್ಕಾರ ಬೀಳಿಸೋರು ಅನ್ನಿಸ್ಕೋಬೇಕು.

ಒಂದು ವಾರದ ಲೀಡರ್

2020ರ ಜನವರಿಯಲ್ಲಿ ವೀವರ್ ಗ್ರೀನ್ ಗುಂಪು ಬಿಟ್ಟು ಸ್ವತಂತ್ರ ಸದಸ್ಯ ಆಗಿ ಕೂತ್ರು. ನಮ್ಮಲ್ಲಾಗಿದ್ರೆ ಅನರ್ಹತೆ ಅರ್ಜಿ ಸ್ಪೀಕರ್ ಟೇಬಲ್ ಮೇಲೆ ಇರ್ತಿತ್ತು. ಓಲ್ಸನ್ ಹಂಗಾಮಿ ಲೀಡರ್. ಮಾರ್ಚ್‌ನಲ್ಲಿ ಕೊರೊನಾ ಬಂತು, ಕಾರ್ಬನ್ ಟ್ಯಾಕ್ಸ್ ಏರಿಕೆ ಆ ವರ್ಷ ನಿಲ್ತು, ರಾಜಕೀಯ ಎಲ್ಲಾ ತಣ್ಣಗಾಗಿ ಸರ್ಕಾರಕ್ಕೆ ಒಳ್ಳೆ ಹೆಸರು ಬಂತು. ಒಳ್ಳೆ ಹೆಸರು ಬಂದ್ರೆ ಏನಾಗುತ್ತೆ ಗೊತ್ತಲ್ಲ.

ಸೆಪ್ಟೆಂಬರ್ 14ಕ್ಕೆ ಸೋನಿಯಾ ಫರ್ಸ್ಟೆನೌ ಗ್ರೀನ್ಸ್‌ನ ಹೊಸ ಲೀಡರ್ ಆಗಿ ಆಯ್ಕೆ. ಸೆಪ್ಟೆಂಬರ್ 21ಕ್ಕೆ, ಏಳೇ ದಿನಕ್ಕೆ, ಹೋರ್ಗನ್ ಅವಧಿಗೆ ಒಂದು ವರ್ಷ ಮುಂಚೆ ಎಲೆಕ್ಷನ್ ಕರೆದ್ರು. ಮೇಲೆ ಹೇಳಿದ್ನಲ್ಲ, ಸದನದಲ್ಲಿ ಸೋಲದೇ ವಿಸರ್ಜನೆ ಕೇಳಲ್ಲ ಅನ್ನೋ ಸಾಲು, ಅದು ಅಲ್ಲೇ ಇತ್ತು. ಇಬ್ರೂ ಸೇರಿ ಮಾಡಿದ್ದ 2021ರ ಅಕ್ಟೋಬರ್ 16ರ ಕಾನೂನೂ ಅಲ್ಲೇ ಇತ್ತು. ಸ್ಥಿರತೆ ಬೇಕು, ಕೊರೊನಾ ಟೈಮಲ್ಲಿ ಗಟ್ಟಿ ಸರ್ಕಾರ ಬೇಕು ಅಂತ ಹೋರ್ಗನ್ ಕಾರಣ ಕೊಟ್ರು, ಗ್ರೀನ್ಸ್ ಮೂರು ವರ್ಷದಲ್ಲಿ ಒಂದ್ಸಲಾನೂ ವಿಶ್ವಾಸಮತದಲ್ಲಿ ಕೈ ಕೊಟ್ಟಿರ್ಲಿಲ್ಲ ಅನ್ನೋದು ಬೇರೆ ವಿಷಯ. ಲೆಫ್ಟಿನೆಂಟ್ ಗವರ್ನರ್‌ಗೆ ಸದನ ವಿಸರ್ಜಿಸೋ ಅಧಿಕಾರ ಯಾವ ಕಾನೂನಿಂದಾನೂ ಕಟ್ ಆಗಿಲ್ಲ, ಎರಡು ಪಾರ್ಟಿ ಮಧ್ಯದ ಒಪ್ಪಂದನ ಕೋರ್ಟಲ್ಲಿ ಜಾರಿ ಮಾಡಿಸೋ ದಾರಿಯೂ ಇಲ್ಲ. ನಾನು ಇಲ್ಲಿವರೆಗೂ ಕ್ರಿಯಾಪದ ಗಟ್ಟಿ ಇದ್ರೆ ಸಿಗುತ್ತೆ ಅಂತ ಹೇಳ್ತಾ ಬಂದೆ, ಇಡೀ ಕಾಗದದಲ್ಲಿ ಅತಿ ಗಟ್ಟಿಯಾಗಿದ್ದ ಸಾಲೇ ಕೊನೆಗೆ ಮುರೀತು.

ಅಕ್ಟೋಬರ್ 24ಕ್ಕೆ ಎನ್‌ಡಿಪಿಗೆ 57, ಲಿಬರಲ್‌ಗೆ 28, ಗ್ರೀನ್ಸ್‌ಗೆ 2. ಗ್ರೀನ್ಸ್ ಓಟು ಶೇ 15ರ ಆಸುಪಾಸು, ಅಂದ್ರೆ ಜನ ಅಷ್ಟೇನೂ ಕೈ ಬಿಟ್ಟಿರ್ಲಿಲ್ಲ. ವೆಸ್ಟ್ ವ್ಯಾಂಕೂವರ್–ಸೀ ಟು ಸ್ಕೈ ಕ್ಷೇತ್ರದಲ್ಲಿ ಮರು ಎಣಿಕೆ ಮಾಡಿ 60 ಓಟಲ್ಲಿ ಸೋತ್ರು. ಇನ್ನೊಂದು ಕಹಿ ಏನಂದ್ರೆ ವೀವರ್ ಆ ಎಲೆಕ್ಷನ್‌ನಲ್ಲಿ ಬಹಿರಂಗವಾಗಿ ಹೋರ್ಗನ್ ಬೆನ್ನಿಗೆ ನಿಂತ್ರು. ಕ್ಲೀನ್‌ಬಿಸಿ ನನ್ನ ಕೂಸು, ಅದನ್ನ ಸಾಕೋರು ಇವರೇ ಅನ್ನೋ ಲೆಕ್ಕ ಇರ್ಬಹುದು, ವಿಜ್ಞಾನಿಯಾಗಿ ನೋಡಿದ್ರೆ ತಪ್ಪಿಲ್ಲ, ಆ ಚಳೀಲಿ ಮನೆ ಮನೆಗೆ ಹೋಗಿ ಕರಪತ್ರ ಹಂಚ್ತಿದ್ದ ಗ್ರೀನ್ ಕಾರ್ಯಕರ್ತರ ಜಾಗದಲ್ಲಿ ನಿಂತು ನೋಡಿದ್ರೆ ಬೇರೆ.

ಸೈಟ್ ಸಿ ಖರ್ಚು 2021ರ ಫೆಬ್ರವರಿಯಲ್ಲಿ 1600 ಕೋಟಿ ಡಾಲರ್ ಅಂತ ಹೇಳಿದ್ರು. 400 ಕೋಟಿ ಉಳಿಸೋಕೆ ಅಂತ ಮುಂದುವರಿಸಿದ ಡ್ಯಾಮದು. 2024ರ ಆಗಸ್ಟಲ್ಲಿ ಕಣಿವೆಗೆ ನೀರು ನಿಲ್ಲಿಸೋಕೆ ಶುರು ಮಾಡಿದ್ರು.

ಅದೇ 2024ರ ಅಕ್ಟೋಬರ್ 19ರ ಎಲೆಕ್ಷನಲ್ಲಿ ಮತ್ತೆ ಅದೇ ಸೀನು. ಈಗ 93 ಸೀಟು, ಡೇವಿಡ್ ಈಬಿ ನೇತೃತ್ವದ ಎನ್‌ಡಿಪಿಗೆ 47, ಬಲಪಂಥದ ಕನ್ಸರ್ವೇಟಿವ್ ಪಾರ್ಟಿಗೆ 44, ಗ್ರೀನ್ಸ್‌ಗೆ 2. ಒಂದು ಕ್ಷೇತ್ರದಲ್ಲಿ ಮರು ಎಣಿಕೆ ಆಗಿ ಕೊನೆಗೆ 22 ಓಟಲ್ಲಿ ಎನ್‌ಡಿಪಿ ಗೆದ್ದಿದ್ರಿಂದ ಬಹುಮತ ಬಂತು, ಸ್ಪೀಕರ್ ಕುರ್ಚಿಗೆ ಒಬ್ರು ಹೋದ್ರೆ ಅದೂ ತೂಗುಯ್ಯಾಲೆ. ಡಿಸೆಂಬರಲ್ಲಿ ಮತ್ತೆ ಎರಡು ಪಾರ್ಟಿ ಮಧ್ಯೆ ಒಪ್ಪಂದ. ಫರ್ಸ್ಟೆನೌ ಆ ಎಲೆಕ್ಷನಲ್ಲಿ ಸೋತಿದ್ರು, ಗೆದ್ದಿದ್ದ ಇಬ್ರೂ ಸದನಕ್ಕೆ ಹೊಸಬರು, ಅವರಲ್ಲಿ ಒಬ್ರು ನಾಲ್ಕು ವರ್ಷದ ಹಿಂದೆ ಆ 60 ಓಟಲ್ಲಿ ಸೋತಿದ್ದೋರು. ಹೊಸ ಕಾಗದದಲ್ಲಿ ಈ ಸಲ ಪ್ರತಿ ವರ್ಷ ಒಪ್ಪಂದನ ಕೂತು ನೋಡಿ ಮುಂದುವರಿಸೋದು ಅಂತಿತ್ತು. ಚುನಾವಣಾ ಪದ್ಧತಿ ವಿಷಯ ಮತ್ತೆ ಬಂತು, ಈ ಸಲ ಸದನದ ಸಮಿತಿ ಪರಿಶೀಲಿಸೋದು ಅಂತಿತ್ತು. 2025ರ ಏಪ್ರಿಲ್ 1ಕ್ಕೆ, ಆ ಹೊಸ ಒಪ್ಪಂದ ಇರುವಾಗ್ಲೇ, ಎನ್‌ಡಿಪಿ ಸರ್ಕಾರಾನೇ ಜನ ಪೆಟ್ರೋಲು ಗ್ಯಾಸಿನ ಮೇಲೆ ಕಟ್ತಿದ್ದ ಕಾರ್ಬನ್ ಟ್ಯಾಕ್ಸನ್ನ ತೆಗೆದುಹಾಕ್ತು.